ಚೀಟಿಯಲ್ಲಿ ಬರೆದ ಸಣ್ಣ ಮೊತ್ತ

ಅಂಡಮಾನಿನ ನಕ್ಷೆಯನ್ನು ಜಗಲಿಯ ಮೇಲೆ ಹರಡಿದರೆ ಮೊದಲು ಕಣ್ಣಿಗೆ ಬೀಳುವುದು ನೀರೇ. ಆ ನೀಲಿಯ ನಡುವೆ ಬಡಗಿನಿಂದ ತೆಂಕಿಗೆ ಎಳೆದ ಒಂದು ಸಣ್ಣ ಗೀರು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರೆ ಆ ಗೀರು ಒಡೆದು ಚೂರುಚೂರಾಗುತ್ತದೆ. ನಿಕೋಬಾರಿನವೂ ಸೇರಿದಂತೆ ದೊಡ್ಡವು, ಸಣ್ಣವು, ಬರೀ ಬಂಡೆಗಳು ಎಲ್ಲ ಸೇರಿ 836 ಎಂದು ಲೆಕ್ಕ. ಜನ ಇರುವುದು ಮೂವತ್ತರ ಆಸುಪಾಸಿನಲ್ಲಿ ಮಾತ್ರ. ಬರ್ಮಾದ ಅರಾಕಾನ್ ಯೋಮಾ ಬೆಟ್ಟಸಾಲು ಸಮುದ್ರಕ್ಕಿಳಿದು, ಮುಳುಗಿ, ಅಲ್ಲಲ್ಲಿ ನೆತ್ತಿ ಎತ್ತಿದ ಜಾಗಗಳು ಇವು. ಸಹ್ಯಾದ್ರಿಯ ಮಡಿಲಲ್ಲಿ ಬೆಳೆದ ನಮಗೆ ಈ ಸಂಗತಿ ಬಹಳ ಹಿಡಿಸಿತು. ಹಾಗಾದರೆ ನಾವು ಹೊರಡುವುದು ಇನ್ನೊಂದು ಮಲೆನಾಡಿಗೇ, ಕುತ್ತಿಗೆಯ ತನಕ ನೀರಲ್ಲಿ ನಿಂತ ಮಲೆನಾಡಿಗೆ.

ದ್ವೀಪ ಯಾವುದು ಎನ್ನುವ ಚರ್ಚೆ ಹೆಚ್ಚು ಬೆಳೆಯಲಿಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ಎಲ್ಲರೂ ನೋಡಿದ್ದೆವು. ಬೆಳಿಗ್ಗೆ ದೋಣಿ ಹತ್ತಿ ಮಧ್ಯಾಹ್ನದ ಊಟಕ್ಕೆ ವಾಪಸು ಬರುವ ಜಾಗ ಅದು. ನಮಗೆ ರಾತ್ರಿ ಮಲಗಿ ಬೆಳಿಗ್ಗೆ ಏಳುವ ದ್ವೀಪ ಬೇಕಿತ್ತು. ಮಾಲ್ಡೀವ್ಸ್ ಎಂಬ ಹೆಸರು ಒಮ್ಮೆ ಬಂತು, ಚಹಾ ಆರುವ ಮೊದಲೇ ಹೋಯಿತು. ಅಂಡಮಾನಿಗೆ ಪಾಸ್‌ಪೋರ್ಟ್ ಬೇಡ, ಹಣ ಬದಲಾಯಿಸುವ ಗೋಜಿಲ್ಲ, ಹರಕುಮುರುಕು ಹಿಂದಿ ಸಾಕು.

ಕಷ್ಟದ ಮಾತು ಅಂದರೆ ಹಣದ ಮಾತು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಇಪ್ಪತ್ತು ವರ್ಷ ಕಳೆದ ಮೇಲೆ ಒಂದೇ ಸಂಬಳದಲ್ಲಿ ಇರುವುದಿಲ್ಲ. ನಮ್ಮಲ್ಲಿ ಒಬ್ಬರು ಸರ್ಕಾರಿ ಹೈಸ್ಕೂಲಿನ ಮೇಷ್ಟ್ರು. ಒಬ್ಬನಿಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಒಬ್ಬಳು ಬ್ಯಾಂಕಿನಲ್ಲಿದ್ದಾಳೆ. ಒಬ್ಬನದು ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ. ಯಾರ ಮನೆಯಲ್ಲಿ ಯಾವ ಸಾಲ ಇದೆ, ಯಾರ ತಾಯಿಗೆ ತಿಂಗಳಿಗೆ ಎಷ್ಟು ಔಷಧಿ ಬೇಕು ಎಂಬುದನ್ನು ಗೆಳೆಯರೂ ಪೂರ್ತಿ ತಿಳಿದಿರುವುದಿಲ್ಲ, ಕೇಳುವುದೂ ತಪ್ಪು. ಇಂಥ ಗುಂಪಿನಲ್ಲಿ ಪ್ರವಾಸದ ಮಾತು ಎದ್ದಾಗ ದೊಡ್ಡ ದನಿಯಲ್ಲಿ ಯೋಜನೆ ಹಾಕುವವರು ಕೈಯಲ್ಲಿ ಹಣ ಓಡಾಡುವವರೇ. ಹಣ ಇಲ್ಲದವರು ನಕ್ಕು ಸುಮ್ಮನಾಗಿ, ಹೊರಡುವ ವಾರ ಮನೆಯಲ್ಲಿ ಏನೋ ಕೆಲಸ ಬಂತೆಂದು ಹೇಳಿ ಉಳಿದುಬಿಡುತ್ತಾರೆ. ಎಷ್ಟೋ ಸ್ನೇಹಗಳು ಹೀಗೆ ಸದ್ದಿಲ್ಲದೆ ಸವೆಯುವುದನ್ನು ನಾನು ನೋಡಿದ್ದೇನೆ.

ಮೇಷ್ಟ್ರು ಇದಕ್ಕೊಂದು ದಾರಿ ಹುಡುಕಿದರು. ನೋಟ್‌ಬುಕ್ಕಿನ ಹಾಳೆಯನ್ನು ಸಮನಾಗಿ ಹರಿದು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. "ಮನೆಯಲ್ಲಿ ಯಾರ ಮುಖವೂ ಬಾಡದ ಹಾಗೆ ನೀನು ತೆಗೆದಿಡಬಹುದಾದ ಹಣ ಎಷ್ಟೋ ಅಷ್ಟು ಬರಿ. ಹೆಸರು ಬೇಡ." ಚೀಟಿಗಳೆಲ್ಲ ಒಂದು ಸ್ಟೀಲ್ ಡಬ್ಬಿಗೆ ಬಿದ್ದವು. ತೆಗೆದು ಓದಿದಾಗ ಅತಿ ದೊಡ್ಡ ಮೊತ್ತಕ್ಕೂ ಅತಿ ಸಣ್ಣದಕ್ಕೂ ದುಪ್ಪಟ್ಟಿಗಿಂತ ಹೆಚ್ಚು ಅಂತರ ಇತ್ತು. ಅತಿ ಸಣ್ಣ ಚೀಟಿಯಲ್ಲಿ 22,000 ಎಂದಿತ್ತು. ಮೇಷ್ಟ್ರು ಉಳಿದವನ್ನೆಲ್ಲ ಮಡಚಿ ಜೇಬಿಗೆ ಹಾಕಿಕೊಂಡು ಅದೊಂದನ್ನೇ ನಕ್ಷೆಯ ಮೇಲಿಟ್ಟರು. "ಇದು ನಮ್ಮೆಲ್ಲರ ಲೆಕ್ಕ," ಎಂದರು.

ಅದನ್ನು ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕಡಿಮೆ ಬಿದ್ದರೆ ತಾನು ಹಾಕುತ್ತೇನೆ ಎಂದು ಬ್ಯಾಂಕಿನವಳು ಬಾಯಿ ತೆರೆದಳು. ಮನಸ್ಸು ಒಳ್ಳೆಯದೇ, ಆದರೂ ಎಲ್ಲರೂ ಬೇಡ ಎಂದೆವು. ಇನ್ನೊಬ್ಬರ ಹಣದಲ್ಲಿ ಹೊರಟವರು ಹೋಟೆಲಿನಲ್ಲಿ ತಮಗೆ ಬೇಕಾದ ತಿಂಡಿ ಹೇಳಲು ಹಿಂಜರಿಯುತ್ತಾರೆ, ದಾರಿಯಲ್ಲಿ ಒಂದು ಹೆಜ್ಜೆ ಹಿಂದೆ ನಡೆಯುತ್ತಾರೆ. ಎಲ್ಲರ ಚೀಲವೂ ಒಂದೇ ತೂಕದ್ದಾದರೆ ಆ ಸಂಕೋಚ ಹುಟ್ಟುವುದೇ ಇಲ್ಲ. ಅಲ್ಲಿಂದ ಮುಂದೆ ನಮ್ಮ ಯೋಜನೆಯೆಲ್ಲ ಆ ಸಣ್ಣ ಮೊತ್ತವನ್ನು ಮಧ್ಯದಲ್ಲಿಟ್ಟುಕೊಂಡೇ ಬೆಳೆಯಿತು. ನಾವು ಅಲ್ಲಿ ಕಂಡಿದ್ದರಲ್ಲಿ ಚೆಂದದ್ದು ಬಹುಪಾಲು ಆ ಮೊತ್ತ ತೋರಿಸಿಕೊಟ್ಟಿದ್ದೇ ಎಂದು ನಾನು ನಂಬಿದ್ದೇನೆ.

ಮೊದಲು ದಿನ ಗೊತ್ತುಮಾಡಬೇಕಿತ್ತು. ಅಂಡಮಾನಿನಲ್ಲಿ ಪ್ರವಾಸಿಗಳ ನೂಕುನುಗ್ಗಲು ಡಿಸೆಂಬರ್, ಜನವರಿಯಲ್ಲಿ. ಆಗ ಕೋಣೆಯ ಬಾಡಿಗೆಯಿಂದ ವಿಮಾನದ ಟಿಕೆಟ್ಟಿನವರೆಗೆ ಎಲ್ಲವೂ ಏರಿರುತ್ತದೆ. ಮುಂಗಾರು ಕೇರಳಕ್ಕೆ ಮುಟ್ಟುವ ಮೊದಲೇ, ಮೇ ಮೂರನೆಯ ವಾರದ ಹೊತ್ತಿಗೆ, ಅಲ್ಲಿಗೆ ಬಂದಿಳಿಯುತ್ತದೆ. ಮಳೆಗಾಲದಲ್ಲಿ ಎಲ್ಲವೂ ಅಗ್ಗ, ಆದರೆ ಕಡಲು ಕೆರಳಿದರೆ ದೋಣಿಗಳು ನಿಲ್ಲುತ್ತವೆ. ಒಂದು ದ್ವೀಪದಲ್ಲಿ ಸಿಕ್ಕಿಕೊಂಡರೆ ಉಳಿಸಿದ ಹಣ ಅಲ್ಲಿಯೇ ಕರಗುತ್ತದೆ. ಈ ಎರಡರ ನಡುವೆ ಏಪ್ರಿಲ್ ಇದೆ. ಸೆಖೆ ಇರುತ್ತದೆ, ಆದರೆ ಕಡಲು ಶಾಂತ, ನೀರು ತಿಳಿ. ಮೇಷ್ಟ್ರಿಗೆ ಬೇಸಿಗೆ ರಜೆ, ಬ್ಯಾಂಕಿನಲ್ಲಿ ಮಾರ್ಚ್ ಕೊನೆಯ ಲೆಕ್ಕದ ಗಡಿಬಿಡಿ ಮುಗಿದಿರುತ್ತದೆ, ತೋಟದಲ್ಲಿ ಕೊಯ್ಲು, ಸುಲಿತ, ಬೇಯಿಸುವುದು ಎಲ್ಲ ಆಗಿ ನೀರು ಬಿಡುವ ಕೆಲಸ ಮಾತ್ರ ಉಳಿದಿರುತ್ತದೆ.

ಸಿಕ್ಕಿಬಿದ್ದವನು ಸ್ಟುಡಿಯೋ ಗೆಳೆಯ. ಏಪ್ರಿಲ್ ಎಂದರೆ ಮದುವೆಗಳ ಕಾಲ, ಅವನ ವರ್ಷದ ದುಡಿಮೆಯ ದೊಡ್ಡ ಭಾಗ ಆಗಲೇ. ಅವನು ಗೋಡೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗವನ್ನು ಇಳಿಸಿಕೊಂಡು ಬಂದು ಹಾಳೆ ತಿರುವಿದ. ಚೈತ್ರ ಬಹುಳ ಏಕಾದಶಿಯಿಂದ ಅಮಾವಾಸ್ಯೆ ದಾಟುವವರೆಗೆ ಅವನ ಡೈರಿ ಖಾಲಿ ಇತ್ತು, ಆ ದಿನಗಳಲ್ಲಿ ಯಾರೂ ಲಗ್ನ ಇಡುವುದಿಲ್ಲ. ಅಕ್ಷಯ ತದಿಗೆಗೆ ಮಾತ್ರ ಅವನು ಊರಲ್ಲಿ ಇರಲೇಬೇಕು. "ಅಮಾಸೆಗೆ ಹೊರಡೋದಾ?" ಎಂದು ತೋಟದವನ ಮುಖ ಸಣ್ಣಗಾಯಿತು. ಆಗ ಮೇಷ್ಟ್ರು ವಿಜ್ಞಾನದ ಪಾಠಕ್ಕೇ ಇಳಿದರು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುತ್ತದೆ. ಉಬ್ಬರ ಎಷ್ಟು ಏರುತ್ತದೋ ಇಳಿತವೂ ಅಷ್ಟೇ ಆಳಕ್ಕೆ ಇಳಿಯುತ್ತದೆ. ಕಡಲು ತನ್ನ ತಳವನ್ನು ಬಿಚ್ಚಿ ತೋರಿಸುವುದು ಆಗಲೇ. ಜೊತೆಗೆ ಬೆಳದಿಂಗಳಿಲ್ಲದ ರಾತ್ರಿ. ಅಲ್ಲಿಯ ನೀರಿನಲ್ಲಿ ಬೆಳಕು ಸೂಸುವ ಸೂಕ್ಷ್ಮಜೀವಿಗಳು ಇವೆಯಂತೆ, ಕತ್ತಲು ದಟ್ಟವಾದಷ್ಟೂ ಚೆನ್ನಾಗಿ ಕಾಣುತ್ತವಂತೆ. ಮದುವೆಯ ಮುಹೂರ್ತ ನೋಡಲು ತಂದ ಪಂಚಾಂಗವೇ ಸಮುದ್ರದ ವೇಳಾಪಟ್ಟಿಯೂ ಆಯಿತು. ಆ ರಾತ್ರಿ ಮನೆಗೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಹೋಗುವುದು ಹೇಗೆ ಎಂಬಲ್ಲಿ ತೋಟದವನದೊಂದು ಆಸೆ ಇತ್ತು: ಹಡಗು. ಚೆನ್ನೈ, ಕೋಲ್ಕತ್ತಾಗಳಿಂದ ತಿಂಗಳಿಗೆ ಮೂರು ನಾಲ್ಕು ಬಾರಿ, ವಿಶಾಖಪಟ್ಟಣದಿಂದ ಅಪರೂಪಕ್ಕೆ, ಪ್ರಯಾಣಿಕರ ಹಡಗು ಹೊರಡುತ್ತದೆ. ಚೆನ್ನೈಯಿಂದ ಸುಮಾರು 1,200 ಕಿಲೋಮೀಟರು, ಐವತ್ತರಿಂದ ಅರವತ್ತು ಗಂಟೆ. ಒಳಗೆ ಬಂಕ್ ದರ್ಜೆಯಿಂದ ಹಿಡಿದು ಡೀಲಕ್ಸ್ ಕೋಣೆಯವರೆಗೆ ಉಂಟು. ಬಂಕ್‌ನಲ್ಲಿ ರೈಲಿನ ಸ್ಲೀಪರ್ ಬೋಗಿಯಂತೆ ಸಾಲುಸಾಲು ಹಾಸಿಗೆ. "ಏ ಮಾರಾಯ, ಮೂರು ದಿನ ಬರೀ ನೀರೇ ನೋಡೋದಾ?" ಎಂದು ಸ್ಟುಡಿಯೋದವನು ಕೇಳಿದರೆ, "ಅದಕ್ಕೇ ಕಣೋ ಹೋಗೋದು," ಎಂದು ಇವನು. ಇವನ ಮಾತಿನಲ್ಲಿ ಹುರುಳಿತ್ತು. ನಿಜವಾದ ದೂರ ಮೈಗೆ ತಿಳಿಯುವುದು ಹಾಗೆ ಹೋದಾಗಲೇ. ಆದರೆ ಹಡಗಿನ ದಿನಾಂಕ ಮುಂಚಿತವಾಗಿ ಗಟ್ಟಿಯಾಗುವುದಿಲ್ಲ, ಹಡಗು ಕಾದುಕೊಂಡು ಕೂತರೆ ಅಕ್ಷಯ ತದಿಗೆ ತಪ್ಪುತ್ತದೆ. ಬೆಂಗಳೂರಿನಿಂದ ನೇರ ವಿಮಾನದ ಟಿಕೆಟ್ಟನ್ನು ತಿಂಗಳುಗಳ ಮೊದಲೇ ತೆಗೆದೆವು. ಮೊತ್ತದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅದಕ್ಕೇ ಹೋಯಿತು. ಉಳಿದ ಅರ್ಧದಲ್ಲಿ ಬದುಕುವುದು ಹೇಗೆಂಬ ಚಿಂತೆ ನಮ್ಮನ್ನು ತಿಂಗಳುಗಟ್ಟಲೆ ಒಟ್ಟಿಗೆ ಕೂರಿಸಿತು.

ಶಿವಮೊಗ್ಗದಿಂದ ರಾತ್ರಿ ರೈಲು, ಬೆಂಗಳೂರಿನಲ್ಲಿ ವಿಮಾನ ನಿಲ್ದಾಣದ ಬಸ್ಸು, ಎರಡೂವರೆ ಗಂಟೆಯ ಹಾರಾಟ. ಕಿಟಕಿಯಿಂದ ಕೆಳಗೆ ನೋಡಿದರೆ ತಿಳಿಹಸಿರು ನೀರಿನ ಅಂಚು ಕಟ್ಟಿದ ಕಡುಹಸಿರು ಕಾಡು. ನಾವು ಪೋರ್ಟ್ ಬ್ಲೇರ್ ಎಂದೇ ಓದಿ ಬೆಳೆದ ಊರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳು 2018ರ ಕೊನೆಯಲ್ಲಿಯೇ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಆಗಿವೆ. ಅಲ್ಲಿಯವರ ಬಾಯಲ್ಲಿ ಹಳೆಯ ಹೆಸರೂ ಇದೆ, ಹೊಸದೂ ಇದೆ.

ಅಲ್ಲಿ ಕಾಲಿಟ್ಟವರು ಮೊದಲು ತಿದ್ದಿಕೊಳ್ಳಬೇಕಾದದ್ದು ಹೊತ್ತಿನ ಲೆಕ್ಕ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ನಮ್ಮವನಲ್ಲ. ಶಿವಮೊಗ್ಗ ಎಪ್ಪತ್ತೈದೂವರೆ ಡಿಗ್ರಿ ರೇಖಾಂಶದಲ್ಲಿದ್ದರೆ ಆ ಊರು ತೊಂಬತ್ತೆರಡನ್ನೂ ದಾಟಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಒಂದು ಗಂಟೆಗೂ ಮಿಗಿಲು ಮೊದಲೇ ಅಲ್ಲಿ ಬೆಳಗಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಐದಕ್ಕೆಲ್ಲ ಬಿಸಿಲು ಮೂಡುತ್ತದೆ, ಸಂಜೆ ಐದೂ ಮುಕ್ಕಾಲಿಗೆ ಕತ್ತಲು ಇಳಿಯಲು ಶುರು. ಪಟ್ಟಣದ ಪ್ರವಾಸಿಗಳು ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಬರುವ ಹೊತ್ತಿಗೆ ಆ ದಿನದ ಚೆಲುವು ಎಷ್ಟೋ ಕಳೆದಿರುತ್ತದೆ. ನಮ್ಮ ತೋಟದವನಿಗೆ ನಾಲ್ಕೂವರೆಗೆ ಏಳುವುದು ಹುಟ್ಟಿನಿಂದ ಬಂದ ಅಭ್ಯಾಸ. ಅವನ ಹಿಂದೆ ನಾವೂ ಎದ್ದೆವು. ಹಕ್ಕಿಗಳು ಎದ್ದು, ಮೀನು ದೋಣಿಗಳು ಇನ್ನೂ ದಡ ಸೇರದ ಆ ಎರಡು ಮೂರು ಗಂಟೆ ಇಡೀ ಕಡಲತೀರ ನಮ್ಮದೇ ಆಗಿರುತ್ತಿತ್ತು, ಅದಕ್ಕೆ ಯಾರಿಗೂ ಏನೂ ಕೊಡಬೇಕಿರಲಿಲ್ಲ.

ಪೋರ್ಟ್ ಬ್ಲೇರಿನ ಸೆಲ್ಯುಲಾರ್ ಜೈಲಿನ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆಯುವುದಿಲ್ಲ. 1896ರಿಂದ 1906ರವರೆಗೆ ಕಟ್ಟಿದ ಏಳು ರೆಕ್ಕೆಗಳಲ್ಲಿ ಈಗ ಮೂರು ಉಳಿದಿವೆ. ಒಂದು ಕೋಣೆಯ ಬಾಗಿಲು ಎದುರಿನ ರೆಕ್ಕೆಯ ಬೆನ್ನನ್ನೇ ನೋಡುವಂತೆ ಕಟ್ಟಿದ್ದಾರೆ, ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದೆಂದು. ಗೆಳೆಯರ ಜೊತೆ ನಿಂತು ಅದನ್ನು ನೋಡುವಾಗ ಮಾತು ಹೊರಡಲಿಲ್ಲ.

ಮಾರನೆಯ ದಿನ ಫೀನಿಕ್ಸ್ ಬೇ ಕಟ್ಟೆಯಿಂದ ಸರ್ಕಾರಿ ದೋಣಿ. ಹ್ಯಾವ್ಲಾಕಿಗೆ ಖಾಸಗಿ ಹವಾನಿಯಂತ್ರಿತ ದೋಣಿಗಳೂ ಇವೆ. ಅವು ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತವೆ, ಗಾಜಿನ ಒಳಗೆ ಮೆತ್ತನೆಯ ಕುರ್ಚಿ. ಸರ್ಕಾರಿ ದೋಣಿಗೆ ಎರಡು, ಎರಡೂವರೆ ಗಂಟೆ ಬೇಕು, ದರ ಅದರ ಅರ್ಧಕ್ಕಿಂತ ಕಡಿಮೆ. ಟಿಕೆಟ್ಟು ಸಿಗುವುದು ಸ್ವಲ್ಪ ಕಷ್ಟ, ಮುಂಚಿತವಾಗಿ ಬೆನ್ನು ಹತ್ತಬೇಕು. ದ್ವೀಪದವರಿಗೆ ಮೊದಲ ಹಕ್ಕು, ಅದು ನ್ಯಾಯವೇ. ನಮ್ಮ 22,000ದ ಚೀಟಿ ನಮ್ಮನ್ನು ಈ ದೋಣಿಗೆ ಹತ್ತಿಸಿತು. ಮೇಲಿನ ತೆರೆದ ಅಟ್ಟದಲ್ಲಿ ನಿಂತರೆ ಉಪ್ಪುಗಾಳಿ ಮುಖಕ್ಕೇ ಬಡಿಯುತ್ತದೆ. ಕೆಳಗೆ ದ್ವೀಪದ ಸಂಸಾರವೇ ನೆರೆದಿತ್ತು: ಅಕ್ಕಿ ಮೂಟೆ, ಈರುಳ್ಳಿ ಚೀಲ, ಹೊಸ ಫ್ಯಾನಿನ ಪೆಟ್ಟಿಗೆ, ಆಸ್ಪತ್ರೆಗೆ ಹೋಗಿ ವಾಪಸಾಗುತ್ತಿದ್ದ ಅಜ್ಜಿ, ಪರೀಕ್ಷೆ ಬರೆದು ಮನೆಗೆ ಹೊರಟ ಹುಡುಗರು. ಒಬ್ಬ ಬಂಗಾಳಿ ಹೆಂಗಸು ತನ್ನ ಪಕ್ಕ ಬ್ಯಾಂಕಿನವಳಿಗೆ ಜಾಗ ಮಾಡಿಕೊಟ್ಟು, ಪೊಟ್ಟಣ ಬಿಚ್ಚಿ ಮುರಿ ಕೊಟ್ಟಳು. ನಮ್ಮ ಮಂಡಕ್ಕಿಯೇ ಅದು, ಸಾಸಿವೆ ಎಣ್ಣೆಯ ಘಾಟು ಬೇರೆ. ಇವಳು ಚೀಲದಿಂದ ಕೋಡುಬಳೆ ತೆಗೆದಳು. "ದೀದಿ, ಯೇ ಹಮಾರೆ ಘರ್ ಕಾ ಹೈ." ದೋಣಿಯ ಮೂತಿಯ ಮುಂದೆ ಹಾರುಮೀನುಗಳು ನೀರಿನಿಂದ ಚಿಮ್ಮಿ, ಗೇಣೆತ್ತರದಲ್ಲಿ ಬಹುದೂರ ತೇಲಿ, ಮತ್ತೆ ಅಲೆಯಲ್ಲಿ ಕರಗುತ್ತಿದ್ದವು. ಸ್ಟುಡಿಯೋದವನು ಕ್ಯಾಮೆರಾ ಕೆಳಗಿಳಿಸಿ ಬರೀ ಕಣ್ಣಿನಿಂದ ನೋಡುತ್ತ ನಿಂತ.

ಆ ಹೆಂಗಸಿನ ಅತ್ತೆ ಮಾವ 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು. ಸರ್ಕಾರ ಕೊಟ್ಟ ಕಾಡನ್ನು ಕಡಿದು ಗದ್ದೆ ಮಾಡಿದವರು. ಹ್ಯಾವ್ಲಾಕಿನ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ, ನೀಲ್ ದ್ವೀಪದ ಸೀತಾಪುರ, ಭರತಪುರ, ಲಕ್ಷ್ಮಣಪುರ ಎಲ್ಲ ಅವರು ನೆಲೆನಿಂತ ಹಳ್ಳಿಗಳು. ಊರು ಕಳೆದುಕೊಂಡು ಬಂದವರು ರಾಮಾಯಣ, ಭಾಗವತಗಳನ್ನು ಮಾತ್ರ ಕಳೆದುಕೊಳ್ಳಲಿಲ್ಲ.

ಗೋವಿಂದನಗರದ ಪೇಟೆಯಿಂದ ತುಸು ದೂರದ ಒಂದು ಮನೆಯ ಹಿತ್ತಿಲಿನಲ್ಲಿ ನಮಗೆ ಎರಡು ಬಿದಿರಿನ ಗುಡಿಸಲು ಸಿಕ್ಕವು. ಹಾಸಿಗೆ, ಸೊಳ್ಳೆ ಪರದೆ, ಫ್ಯಾನು. ಇನ್ನೇನು ಬೇಕು? ಊಟ ಪೇಟೆಯಲ್ಲಿ. ಒಂದು ತಟ್ಟೆ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಅಂದಂದಿನ ಮೀನಿನ ಸಾರು. ಮೇಷ್ಟ್ರು ಸಸ್ಯಾಹಾರಿ. ಕಡಲ ನಡುವಿನ ಊರಲ್ಲಿ ಅವರಿಗೇನು ಗತಿ ಎಂದು ನಾವು ಮೊದಲೇ ಚಿಂತಿಸಿದ್ದೆವು. ಬಂಗಾಳಿ ಮನೆಗಳ ಕರಿದ ಬದನೆಕಾಯಿ ಹೋಳು, ಕುಂಬಳಕಾಯಿ ಪಲ್ಯ, ಬಿಸಿ ಪೂರಿ ಅವರನ್ನು ನಮಗಿಂತ ಸುಖವಾಗಿಟ್ಟವು. ಆ ತರಕಾರಿಯೆಲ್ಲ ಪಕ್ಕದ ನೀಲ್ ದ್ವೀಪದ್ದು.

ರಾಧಾನಗರದ ತೀರಕ್ಕೆ ಕಟ್ಟೆಯ ಹತ್ತಿರದಿಂದ ಸರ್ಕಾರಿ ಬಸ್ಸಿದೆ. ದಾರಿಯ ಎರಡೂ ಕಡೆ ತೆಂಗು, ಬಾಳೆ, ಅಡಿಕೆ. ಅಡಿಕೆ ಕಂಡದ್ದೇ ತಡ ತೋಟದವನು ಕಿಟಕಿಯಿಂದ ಅರ್ಧ ಹೊರಗಿದ್ದ. ಮರುದಿನ ಬೆಳಿಗ್ಗೆ ಅವನು ಒಬ್ಬ ಬೆಳೆಗಾರರ ಅಂಗಳದಲ್ಲಿ ಕೂತಿದ್ದ. ಇವನಿಗೆ ಬಂಗಾಳಿ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೆ. ಆದರೂ ನಾವು ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದು, ಅವರು ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸುವುದು, ಮರ ಹತ್ತುವವರಿಗೆ ಎರಡೂ ಕಡೆ ಬರ, ಎಲ್ಲ ಮಾತೂ ಆಗಿಹೋಗಿತ್ತು. ಹೊರಡುವಾಗ ಅವರು ಒಂದು ಎಳನೀರು ಕೊಯ್ದು ಕೊಟ್ಟು, ಹಣ ಬೇಡವೆಂದರು.

ರಾಧಾನಗರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರ ಎಂದು ಕರೆದಿತ್ತು. ಆ ಹೊಗಳಿಕೆಯನ್ನು ಮರೆತು ಹೋದರೂ ಆ ತೀರ ಮನಸ್ಸು ತುಂಬುತ್ತದೆ. ಬಿಳಿ ಮರಳಿನ ಅಂಚಿಗೇ ಬಂದು ನಿಂತ ಸಮುದ್ರ ಮಹುವಾ ಮರಗಳು ಅಷ್ಟೆತ್ತರ, ಅವುಗಳ ನೆರಳು ಅಷ್ಟು ತಂಪು. ರಾಜನ್ ಎಂಬ ಈಜುವ ಆನೆ ಇದ್ದದ್ದು ಇದೇ ದ್ವೀಪದಲ್ಲಿ. ಮರ ಎಳೆಯಲು ತಂದಿದ್ದ ಆ ಆನೆ 2016ರಲ್ಲಿ ತೀರಿಹೋಯಿತು. ಅದರ ಕತೆಯನ್ನು ಚಹಾ ಅಂಗಡಿಯವರು ಈಗಲೂ ಮನೆಯ ಹಿರಿಯರ ಕತೆ ಹೇಳುವ ಹಾಗೆ ಹೇಳುತ್ತಾರೆ.

ಹವಳ ನೋಡಲು ಎಲಿಫೆಂಟ್ ಬೀಚಿಗೆ ದೋಣಿಯಲ್ಲಿ ಹೋಗಬಹುದು. ನಾವು ಅರಣ್ಯ ಇಲಾಖೆಯಲ್ಲಿ ಹೆಸರು ಬರೆಸಿ, ಮಾರ್ಗದರ್ಶಿಯ ಜೊತೆ ಕಾಡುದಾರಿಯಲ್ಲಿ ನಡೆದೆವು. ಮಲೆನಾಡಿನ ಕಾಲುಗಳಿಗೆ ಅದೇನು ದೊಡ್ಡ ನಡಿಗೆ ಅಲ್ಲ. ಕೊನೆಯಲ್ಲಿ ಕಾಡು ತೆರೆದು ಸಮುದ್ರ ಕಾಣುವ ಆ ಗಳಿಗೆ ದೋಣಿಯಲ್ಲಿ ಹೋದವರಿಗೆ ಸಿಗುವುದಿಲ್ಲ. ಆದರೆ ನೀರಿಗಿಳಿಯುವಾಗ ನಾವು ಒಂದು ಕಾಸಿನ ಚೌಕಾಸಿಯನ್ನೂ ಮಾಡಲಿಲ್ಲ. ಒಳ್ಳೆಯ ಲೈಫ್ ಜಾಕೆಟ್ಟು, ಅನುಭವಿ ಈಜುಗಾರ, ಸರಿಯಾದ ಮುಖಗವಸು ಇವುಗಳಿಗಾಗಿಯೇ ಬೇರೆ ಕಡೆ ಉಳಿಸಿದ್ದು. ತುಂಗೆಯಲ್ಲಿ ಈಜು ಕಲಿತ ಧೈರ್ಯವನ್ನು ಸಮುದ್ರಕ್ಕೆ ತರಬಾರದು. ಉಪ್ಪುನೀರಿನ ಮೊಸಳೆಗಳ ಬಗ್ಗೆ ಅಲ್ಲಲ್ಲಿ ಹಾಕಿದ ಎಚ್ಚರಿಕೆಯ ಫಲಕಗಳನ್ನು ಓದಿಯೇ ಕಾಲಿಡಬೇಕು. ಈಜು ಬಾರದ ಬ್ಯಾಂಕಿನವಳು ಮೊದಲು ಮುಖ ಮುಳುಗಿಸಿದ್ದು ಹೆದರಿಕೊಂಡೇ. ಆಮೇಲೆ ಅವಳನ್ನು ದಡಕ್ಕೆ ಕರೆತರುವುದೇ ಕಷ್ಟವಾಯಿತು.

ಹಣದ ಪ್ರಶ್ನೆಯೇ ಇಲ್ಲದೆ ನಾವು ಪಟ್ಟಿಯಿಂದ ತೆಗೆದದ್ದು ಬಾರಾಟಾಂಗಿನ ರಸ್ತೆ ಪ್ರಯಾಣ. ಆ ರಸ್ತೆ ಜಾರವಾ ಜನರ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಅದರ ಕೆಲವು ಭಾಗಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿತ್ತು. ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆ ಎಷ್ಟೇ ಚೆಂದವಿರಲಿ, ಇನ್ನೊಬ್ಬರ ಅಂಗಳವನ್ನು ವಾಹನಗಳ ಸಾಲಿನಲ್ಲಿ ದಾಟಿ ಅದನ್ನು ನೋಡುವುದು ನಮಗೆ ಬೇಡವಾಗಿತ್ತು.

ಅಮಾವಾಸ್ಯೆ ಬಂದದ್ದು ನೀಲ್ ದ್ವೀಪದಲ್ಲಿ. ಅಲ್ಲಿ ಬಾಡಿಗೆ ಸೈಕಲ್ ಸಾಕು, ಊರಿನ ಈ ತುದಿಯಿಂದ ಆ ತುದಿಗೆ ಗದ್ದೆಗಳ ನಡುವೆ ತುಳಿದುಕೊಂಡು ಹೋಗಬಹುದು. ಇಳಿಹೊತ್ತಿಗೆ ಲಕ್ಷ್ಮಣಪುರದ ಕಲ್ಲಿನ ಕಮಾನಿನ ಬಳಿ ಹೋದಾಗ ಮೇಷ್ಟ್ರ ಪಂಚಾಂಗ ಫಲ ಕೊಟ್ಟಿತ್ತು. ಕಡಲು ಬಹುದೂರ ಸರಿದು ನಿಂತಿತ್ತು. ಅದು ಬಿಟ್ಟುಹೋದ ಬಂಡೆಗುಳಿಗಳಲ್ಲಿ ಮೊಣಕಾಲಷ್ಟೂ ಇಲ್ಲದ ನೀರು, ಆ ನೀರಿನಲ್ಲಿ ಒಂದೊಂದು ಲೋಕ. ಕಪ್ಪು ಕಡಲಸೌತೆ, ನೀಲಿ ಅಂಚಿನ ಚಿಪ್ಪು ಬಿಚ್ಚಿ ಮುಚ್ಚುವ ಮಳಿ, ಕಲ್ಲಿನ ಬಣ್ಣಕ್ಕೇ ತಿರುಗಿ ಕುಳಿತ ಏಡಿ. ಯಾವುದನ್ನೂ ಮುಟ್ಟುವ ಹಾಗಿಲ್ಲ. ಸತ್ತ ಹವಳದ ಚೂರನ್ನೂ ಚಿಪ್ಪನ್ನೂ ದ್ವೀಪದಿಂದ ಒಯ್ಯುವುದು ಅಪರಾಧ. ಮೇಷ್ಟ್ರು ಒಂದು ಗುಳಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತವರು ಕತ್ತಲಾಗುವವರೆಗೆ ಏಳಲಿಲ್ಲ. ಇಷ್ಟು ವರ್ಷ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಈಗ ಕಂಡೆ ಎಂದರು. ರಾತ್ರಿ ನೀರಿಗೆ ಕೈ ಹಾಕಿ ಕಲಕಿದರೆ ಬೆರಳುಗಳ ಸುತ್ತ ನೀಲಿ ಕಿಡಿಗಳು ಎದ್ದವು.

ವಾಪಸು ಬರುವಾಗ ಎಲ್ಲರ ಹಣ ಇಟ್ಟಿದ್ದ ಬಟ್ಟೆಚೀಲದಲ್ಲಿ ಒಂದಿಷ್ಟು ಉಳಿದಿತ್ತು. ಹಂಚಿಕೊಳ್ಳುವುದು ಬೇಡ, ಮುಂದಿನದಕ್ಕೆ ಮೊದಲ ಕಂತಾಗಲಿ ಎಂದು ಬ್ಯಾಂಕಿನವಳ ಕೈಗೆ ಕೊಟ್ಟೆವು. ಮುಂದಿನದು ಲಕ್ಷದ್ವೀಪ. ಅಲ್ಲಿಗೆ ಪ್ರವೇಶ ಪರವಾನಗಿ ಬೇಕು, ಉಳಿಯುವ ಜಾಗಗಳು ಕಡಿಮೆ, ಆದ್ದರಿಂದ ಓಡಾಟ ಈಗಲೇ ಶುರುವಾಗಿದೆ. ಕೊಚ್ಚಿಯಿಂದ ಹಡಗು, ಸುಮಾರು ಒಂದು ರಾತ್ರಿಯ ಪಯಣ. ಅಕ್ಟೋಬರ್ ಹೊತ್ತಿಗೆ ಅರಬ್ಬೀ ಸಮುದ್ರದ ಮಳೆಗಾಲದ ಆರ್ಭಟ ಇಳಿದಿರುತ್ತದೆ, ಮೇಷ್ಟ್ರಿಗೆ ದಸರಾ ರಜೆ ಇರುತ್ತದೆ, ತೋಟದಲ್ಲಿ ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಬ್ಯಾಂಕಿನವಳು ಕಾಗದಪತ್ರಗಳ ವಿಚಾರಣೆಯಲ್ಲಿದ್ದಾಳೆ. ಬಂಕ್ ದರ್ಜೆಯಲ್ಲೇ ಹೋಗಬೇಕೆಂದು ತೋಟದವನು ಹಟ ಹಿಡಿದಿದ್ದಾನೆ, ಈ ಸಲ ಅದಕ್ಕೆ ಯಾರ ತಕರಾರೂ ಇಲ್ಲ.